ಅಮ್ಮ ಹಾಕಿದ ಮೂರು ಸಹಿ

ನಮ್ಮ ಮನೆತನದಲ್ಲಿ ಯಾರಿಗಾದರೂ ಕಾಯಿಲೆ ಬಂದರೆ, ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಅದು ಏನೆಂದು ಗೊತ್ತಿರುತ್ತದೆ. ಯಾರೂ ಕೂತು ಮಾಡಿದ ನಿಯಮವಲ್ಲ, ಆದರೂ ತಪ್ಪದೆ ನಡೆದುಕೊಂಡು ಬಂದಿದೆ. ಅಜ್ಜನಿಗೆ ಹೊಟ್ಟೆಯ ಕ್ಯಾನ್ಸರ್ ಆಗಿತ್ತು. ಅವರಿಗೆ ಮಾತ್ರ ಅದು ಹುಣ್ಣು. ಖಾರ ಬಿಟ್ಟರೆ ವಾಸಿಯಾಗುತ್ತದೆ ಎಂದು ನಂಬಿ, ಒಂಬತ್ತು ತಿಂಗಳು ಸಪ್ಪೆ ಊಟ ಮಾಡಿ ತೀರಿಕೊಂಡರು. ದೊಡ್ಡಮ್ಮನ ಗರ್ಭಕೋಶವನ್ನೇ ತೆಗೆದಾಗ ಅವರಿಗೆ ಹೇಳಿದ್ದು, ‘ಒಂದು ಸಣ್ಣ ಗಡ್ಡೆ ಇತ್ತು, ತೆಗೆದ್ರು’ ಎಂದಷ್ಟೆ. ಬೀದಿಯ ಹಾಲಿನವನಿಗೂ ಗೊತ್ತಿರುವುದು ಮಂಚದ ಮೇಲೆ ಮಲಗಿದವರಿಗೆ ಗೊತ್ತಿರುವುದಿಲ್ಲ. ಇದನ್ನು ನಾವು ಧೈರ್ಯ ತುಂಬುವುದು ಎಂದು ಕರೆಯುತ್ತೇವೆ.

ಹಾಗಾಗಿ ನಾನು ಮಾಡಿದ್ದು ಹೊಸದೇನಲ್ಲ. ಹೊಸದಲ್ಲ ಎಂದು ಹೇಳಿಕೊಂಡರೆ ಎದೆ ಹಗುರಾಗುತ್ತದೇನೋ ಎಂದು ಬಹಳ ಸಲ ನೋಡಿದ್ದೇನೆ. ಆಗಿಲ್ಲ.

ನನ್ನ ಕೆಲಸ ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ. ಸುರಕ್ಷತೆ ನೋಡಿಕೊಳ್ಳುವವನು, ಕಾರ್ಮಿಕರ ಬಾಯಲ್ಲಿ ‘ಸೇಫ್ಟಿ ಸಾರ್’. ಫರ್ನೇಸ್ ರಿಪೇರಿ, ಎತ್ತರದಲ್ಲಿ ಮಾಡುವ ಕೆಲಸ, ಟ್ಯಾಂಕಿನೊಳಗೆ ಇಳಿಯುವುದು, ಇಂಥದಕ್ಕೆಲ್ಲ ಮೊದಲು ಪರ್ಮಿಟ್ ಎಂಬ ಹಾಳೆ ತುಂಬಬೇಕು. ಕೆಲಸಕ್ಕೆ ಇಳಿಯುವವನಿಗೆ ಏನೇನು ಅಪಾಯವಿದೆ ಎಂದು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿ, ಅವನ ಸಹಿ ತೆಗೆದುಕೊಳ್ಳಬೇಕು. ಎಷ್ಟೋ ಕಡೆ ಮೇಸ್ತ್ರಿಯೇ ಆರು ಜನರ ಪರವಾಗಿ ಆರು ಥರ ಗೀಚಿ ಕೊಡುತ್ತಾನೆ. ನನ್ನ ಹತ್ತಿರ ಅದು ನಡೆಯುವುದಿಲ್ಲ. ಒಮ್ಮೆ ಒಬ್ಬ ಹಿರಿಯ ಮೇಸ್ತ್ರಿ ಹಾಗೆ ತಂದ ಹಾಳೆಯನ್ನು ಅವರ ಎದುರಿಗೇ ಹರಿದು ಹಾಕಿದ್ದೆ. “ಯಾರ ಕೈ ಒಳಗೆ ಹೋಗುತ್ತೋ ಅವನ ಸೈನ್ ಬೇಕು ಮೇಸ್ತ್ರಿ, ನಿಮ್ದಲ್ಲ” ಎಂದಿದ್ದೆ. “ನಮ್ ಸೇಫ್ಟಿ ಸಾರು ತಾಳಿ ಕಟ್ಟೋವಾಗ್ಲೂ ಹುಡುಗಿ ಹತ್ರ ಪರ್ಮಿಟ್ ತಗೊಂಡಿದ್ರಂತೆ” ಎಂದು ಕ್ಯಾಂಟೀನಿನಲ್ಲಿ ನಗಾಡುತ್ತಿದ್ದರು. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು. ಹದಿನಾಲ್ಕು ವರ್ಷ ಹೀಗೆ ಬೀಗಿಕೊಂಡು ಓಡಾಡಿದ್ದೇನೆ.

ನಾನು, ನನ್ನ ಹೆಂಡತಿ ಇರುವುದು ಶಿವಮೊಗ್ಗದ ರವೀಂದ್ರನಗರದಲ್ಲಿ. ಅಪ್ಪ ಅಮ್ಮ ಭದ್ರಾವತಿಯಲ್ಲಿ. ಅಪ್ಪ ಅಲ್ಲಿನ ಕಾರ್ಖಾನೆಯಿಂದ ನಿವೃತ್ತರಾದವರು. ನನ್ನ ಕೆಲಸದ ಜಾಗ ಎರಡೂ ಊರಿನ ನಡುವೆ ಇರುವುದರಿಂದ, ವಾರಕ್ಕೆ ಎರಡು ಸಲವಾದರೂ ಶಿಫ್ಟ್ ಮುಗಿಸಿ ಆ ಕಡೆಯ ಬಸ್ಸು ಹತ್ತುತ್ತಿದ್ದೆ. ಅಮ್ಮನ ಕೈಯ ಕಾಫಿ ಕುಡಿದು, ಅವಳಿಂದ ಎರಡು ಬೈಸಿಕೊಂಡು ಮನೆಗೆ ಬರುತ್ತಿದ್ದೆ.

ಅಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ದಿನಪತ್ರಿಕೆಯನ್ನು ಮೊದಲ ಪುಟದ ತುದಿಯಿಂದ ಕೊನೆಯ ಪುಟದ ಕೆಳಗಿನ ಮುದ್ರಕರ ಹೆಸರಿನವರೆಗೆ ಓದುವವಳು. ಟೆಂಡರ್ ಪ್ರಕಟಣೆ, ಹೆಸರು ಬದಲಾವಣೆ, ಯಾರೋ ಕಳೆದುಕೊಂಡ ಮಾರ್ಕ್ಸ್ ಕಾರ್ಡು, ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಶಾಲೆಯಲ್ಲಿದ್ದಾಗ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಿಸಿಕೊಳ್ಳಲು ಅಪ್ಪನ ಹತ್ತಿರ ಹೋದರೆ ಒಂದು ಕ್ಷಣದ ಕೆಲಸ. ಅಮ್ಮನ ಹತ್ತಿರ ಹೋದರೆ ಅರ್ಧ ಗಂಟೆ. ಹಿಂದಿನ ಪುಟದ ‘ಪೋಷಕರಿಗೆ ಸೂಚನೆಗಳು’ ಕೂಡ ಓದಬೇಕು ಅವಳಿಗೆ. “ಓದ್ದೆ ಸೈನ್ ಹಾಕೋಳು ನಾನಲ್ಲ ಮಾರಾಯ” ಎನ್ನುತ್ತಿದ್ದಳು.

ಅವಳಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷವಾಗಿತ್ತು. ಪಾದಗಳಿಗೆ ಸ್ಪರ್ಶ ಕಡಿಮೆಯಾಗಿತ್ತು. ಹೊಸ ಚಪ್ಪಲಿ ಬಲಗಾಲಿನ ಎರಡನೇ ಬೆರಳನ್ನು, ಕಾಲುಂಗುರದ ಕೆಳಗೆ, ಕಚ್ಚಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಾದ ಮೇಲೆ ಅರಿಶಿನ ಮೆತ್ತಿಕೊಂಡು ಸುಮ್ಮನಿದ್ದಳು. ಒಂದು ಭಾನುವಾರ ನಾನು ಹೋದಾಗ ಬೆರಳು ಊದಿ ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ಬೆಳ್ಳಿ ಕೆಲಸದವರನ್ನು ಮನೆಗೇ ಕರೆತಂದು ಕತ್ತರಿಸಿ ತೆಗೆಸಿದೆವು.

“ನಿಮ್ಮಪ್ಪ ಗಟ್ಟಿಮುಟ್ಟಾಗಿ ಇದಾರೆ, ನಾನು ನೋಡಿದ್ರೆ ಒಂದು ಕಾಲು ಬೋಳು ಮಾಡ್ಕೊಂಡು ಕೂತಿದೀನಿ” ಎಂದಳು ಅಮ್ಮ.

“ನಾನು ಇದೀನಿ ಅಂತ ತಿಳ್ಕೊಳ್ಳೋಕೆ ಉಂಗುರ ಯಾಕೆ, ಗೊರಕೆ ಕೇಳ್ಸಲ್ವಾ?” ಎಂದರು ಅಪ್ಪ.

ಅಂದೇ ಮಧ್ಯಾಹ್ನ ಅವಳನ್ನು ಶಿವಮೊಗ್ಗದ ಒಂದು ಆಸ್ಪತ್ರೆಗೆ ಸೇರಿಸಿದೆ. ಸರ್ಜನ್ ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಅವಸರದ ಮನುಷ್ಯ, ಆದರೆ ಒರಟರಲ್ಲ. ನೇರವಾಗಿ ಅಮ್ಮನಿಗೇ ಹೇಳಿದರು, ಬೆರಳು ಸತ್ತಿದೆ, ತೆಗೆಯಬೇಕು ಎಂದು.

“ಯಾವ ಬೆರಳು? ಕಾಲುಂಗುರದ್ದಾ?”

“ಹೌದಮ್ಮ. ಪಕ್ಕದ್ದೂ ಹೋಗಬಹುದು.”

ಅಮ್ಮ ಸ್ವಲ್ಪ ಹೊತ್ತು ಕಾಲನ್ನೇ ನೋಡಿದಳು. “ಸರಿ, ತೆಗೀರಿ. ಇನ್ನೊಂದು ಕಾಲಲ್ಲಿ ಇದೆಯಲ್ಲ, ಅಷ್ಟು ಸಾಕು ಇವ್ರಿಗೆ” ಎಂದು ಅಪ್ಪನ ಕಡೆ ಕತ್ತು ಹೊರಳಿಸಿದಳು. ನರ್ಸ್ ಒಪ್ಪಿಗೆ ಪತ್ರ ತಂದರು. ಅಮ್ಮ ಕನ್ನಡಕ ಹಾಕಿಕೊಂಡು ಎರಡೂ ಪುಟ ಓದಿದಳು. ನರ್ಸ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು. “ಅರಿವಳಿಕೆ ಅಂದ್ರೆ ಪೂರ್ತಿ ನಿದ್ದೆನಾ?” ಎಂದು ಒಂದು ಪ್ರಶ್ನೆಯನ್ನೂ ಕೇಳಿದಳು. ಆಮೇಲೆ ತನ್ನ ಹೆಸರನ್ನು ಅಕ್ಷರ ಬಿಡಿಸಿ ಬರೆದಳು. ಅದು ಮೊದಲನೇ ಸಹಿ.

ಸಕ್ಕರೆ ಇಳಿಯಲೆಂದು ಆಪರೇಷನ್ನನ್ನು ಮರುದಿನಕ್ಕೆ ಇಟ್ಟರು. ಬೆಳಿಗ್ಗೆ ಜ್ವರ ಏರಿತು. ಪಾದದ ಮೇಲ್ಭಾಗಕ್ಕೂ ಕಪ್ಪು ಹತ್ತಿತ್ತು. ರಕ್ತ ಎಲ್ಲಿಯವರೆಗೆ ಹರಿಯುತ್ತಿದೆ ಎಂದು ಸ್ಕ್ಯಾನ್ ಮಾಡಿದರು. ಡಾಕ್ಟರು ನನ್ನನ್ನೂ ಅಪ್ಪನನ್ನೂ ತಮ್ಮ ಕೋಣೆಗೆ ಕರೆದು ಕೂರಿಸಿದರು.

“ಬೆರಳಿಂದ ಆಗಲ್ಲ. ಮೊಣಕಾಲ ಕೆಳಗೆ ತೆಗೀಬೇಕು, ಇವತ್ತೇ. ತಡ ಮಾಡಿದ್ರೆ ನಂಜು ಮೈಗೆಲ್ಲ ಏರುತ್ತೆ, ಜೀವಕ್ಕೇ ಅಪಾಯ. ಅಮ್ಮನಿಗೆ ನಾನೇ ಬಂದು ಹೇಳ್ತೀನಿ. ನಿನ್ನೆ ನೋಡಿದ್ನಲ್ಲ, ತಿಳ್ಕೊಳ್ಳೋ ಹೆಂಗಸು.”

ನಾನು ಎಂದೆ: “ಬೇಡ ಸಾರ್. ನಾವೇ ಹೇಳ್ತೀವಿ. ಮನೆಯವರ ಬಾಯಿಂದ ಬಂದ್ರೆ ಅಷ್ಟು ಗಾಬರಿ ಆಗಲ್ಲ.”

“ಆಯ್ತು, ಹೇಳಿ. ಆದ್ರೆ ಹೊಸ ಫಾರ್ಮ್‌ಗೆ ಅವರದೇ ಸೈನ್ ಬೇಕು. ಎಚ್ಚರವಾಗಿದಾರೆ, ಬುದ್ಧಿ ಸರಿಯಾಗಿದೆ. ನಿಮ್ಮ ಸೈನ್ ನಡೆಯಲ್ಲ.”

ಈ ಮಾತನ್ನು ಹದಿನಾಲ್ಕು ವರ್ಷದಿಂದ ನಾನು ಬೇರೆಯವರಿಗೆ ಹೇಳುತ್ತಿದ್ದವನು. ತಲೆ ಅಲ್ಲಾಡಿಸಿ ಹೊರಗೆ ಬಂದೆ.

ಕಾರಿಡಾರಿನಲ್ಲಿ ಅಪ್ಪ ಗೋಡೆ ಹಿಡಿದು ನಿಂತರು. ಅವರು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. “ಹೇಳ್ಬೇಡ ಕಣೋ” ಎಂದರು. “ಅವಳು ಒಪ್ಪಲ್ಲ. ನಂಗೆ ಗೊತ್ತು ಅವಳ ಹಟ. ಒಪ್ಪದಿದ್ರೆ ಸತ್ತೋಗ್ತಾಳೆ. ಮೊದ್ಲು ಜೀವ ಉಳೀಲಿ, ಆಮೇಲೆ ಬೈಲಿ, ಹೊಡೀಲಿ.” ಜೀವ ಉಳಿದರೆ ಸಾಕು ಎಂದು ನನಗೂ ಅನ್ನಿಸಿತು. ಇದು ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು, ಅದನ್ನೂ ಬರೆಯಬೇಕು. ಅವಳು ನನ್ನ ಮುಖ ನೋಡಿ ‘ಕಾಲೇ ಹೋಗುತ್ತಾ?’ ಎಂದು ಕೇಳುವ ಆ ಒಂದು ಕ್ಷಣ ನನಗೆ ಬೇಡವಾಗಿತ್ತು. ಅವಳಿಗೆ ಧೈರ್ಯ ತುಂಬುವ ಹೆಸರಿನಲ್ಲಿ ನನ್ನ ಪುಕ್ಕಲುತನವನ್ನು ಮುಚ್ಚಿಟ್ಟುಕೊಂಡೆ.

ವಾರ್ಡಿಗೆ ಹೋದಾಗ ಅಮ್ಮ ಜ್ವರದಲ್ಲಿ ಕೆಂಪಾಗಿದ್ದಳು, ಆದರೆ ಎಚ್ಚರವಾಗಿದ್ದಳು. ಪತ್ರವನ್ನು ಮುಂದೆ ಹಿಡಿದು, ಇನ್ನೊಂದು ಸೈನ್ ಬೇಕಂತೆ ಎಂದೆ.

“ನಿನ್ನೆ ಹಾಕಿದ್ನಲ್ಲೋ.”

“ಅದೇ ಅಮ್ಮ. ಆಪರೇಷನ್ ನಿನ್ನೆಯಿಂದ ಇವತ್ತಿಗೆ ಹೋಯ್ತಲ್ಲ, ಅದಕ್ಕೆ ಹೊಸದು.”

“ಕನ್ನಡಕ ಕೊಡು.”

ಕನ್ನಡಕ ನನ್ನ ಅಂಗಿಯ ಜೇಬಿನಲ್ಲಿತ್ತು. ಬೆಳಿಗ್ಗೆ ಸ್ಕ್ಯಾನಿಗೆ ಕರೆದೊಯ್ಯುವಾಗ ಅವಳೇ ತೆಗೆದು ನನ್ನ ಕೈಗೆ ಕೊಟ್ಟಿದ್ದಳು. “ಎಲ್ಲಿಟ್ಟೆನೋ ಅಮ್ಮ, ಆಮೇಲೆ ಹುಡುಕ್ತೀನಿ. ಎಲ್ಲ ಅದೇ ಇರೋದು. ಸುಮ್ನೆ ಫಾರ್ಮಾಲಿಟಿ, ಹಾಕು” ಎಂದೆ. ಪತ್ರ ಕನ್ನಡದಲ್ಲೇ ಇತ್ತು. ‘ಬಲಗಾಲನ್ನು ಮೊಣಕಾಲಿನ ಕೆಳಗೆ’ ಎಂದು ನೀಲಿ ಪೆನ್ನಿನಲ್ಲಿ ಬರೆದಿದ್ದರು. ಅದರ ಮೇಲೆ ಬರುವಂತೆ ಅಂಗೈ ಇಟ್ಟು ಹಾಳೆ ಹಿಡಿದುಕೊಂಡೆ. ಅಮ್ಮ ಕಣ್ಣು ಕಿರಿದು ಮಾಡಿ ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಆಮೇಲೆ “ನೀನು ಓದಿದೀಯ ತಾನೆ?” ಎಂದಳು. ಓದಿದ್ದೇನೆ ಎಂದೆ. ನಾನು ತೋರಿಸಿದ ಜಾಗದಲ್ಲಿ ಹೆಸರು ಬರೆದಳು. ಅಂದಾಜಿನಲ್ಲಿ ಬರೆದಿದ್ದರಿಂದ ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಇಳಿದಿತ್ತು.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಡಾಕ್ಟರು ಸ್ಟ್ರೆಚರ್ ನಿಲ್ಲಿಸಿದರು. ಅವರು ಕೇಳದೆ ಬಿಡಲಿಲ್ಲ, ನಾನು ಅವರ ಮೇಲೆ ಹೇರುವ ಹಾಗಿಲ್ಲ. “ಅಮ್ಮಾ, ಮಗ ಎಲ್ಲ ಹೇಳಿದ್ರಲ್ಲ? ನಿಮಗೆ ಒಪ್ಪಿಗೆ ತಾನೆ?”

“ಹೂಂ, ಹೇಳಿದಾನೆ. ಒಪ್ಪಿಗೆ” ಎಂದಳು ಅಮ್ಮ.

ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ‘ನಿಲ್ಲಿ, ಹೇಳಿಲ್ಲ’ ಎನ್ನಲು ಒಂದು ಉಸಿರು ಸಾಕಿತ್ತು. ಅಪ್ಪ ನನ್ನ ಮೊಣಕೈ ಹಿಡಿದುಕೊಂಡಿದ್ದರು. ಅದನ್ನು ನೆಪವಾಗಿ ಹೇಳುತ್ತಿಲ್ಲ, ಹಿಡಿಯದಿದ್ದರೂ ನಾನು ಹೇಳುತ್ತಿರಲಿಲ್ಲ. ಬಾಗಿಲು ಮುಚ್ಚಿತು.

ಎರಡು ಗಂಟೆಯ ನಂತರ ಒಬ್ಬರು ಹೊರಗೆ ಬಂದು, ತೆಗೆದ ಭಾಗವನ್ನು ಮನೆಗೆ ಒಯ್ಯುತ್ತೀರಾ, ಆಸ್ಪತ್ರೆಯವರೇ ವಿಲೇವಾರಿ ಮಾಡಬೇಕಾ ಎಂದು ಕೇಳಿದರು. ಇಂಥದ್ದೊಂದು ಪ್ರಶ್ನೆ ಇರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ನೀವೇ ಮಾಡಿ ಎಂದು, ಕೊಟ್ಟ ಕಾಗದಕ್ಕೆ ಸಹಿ ಹಾಕಿದೆ. ಅದನ್ನು ನಾನೇ ಹಾಕಬಹುದಾಗಿತ್ತಂತೆ.

ಸಂಜೆ ಅವಳಿಗೆ ಪೂರ್ತಿ ಎಚ್ಚರವಾಯಿತು. ಕಾಲಿಗೆ ಹೊದಿಕೆ ತಾಗದಂತೆ ಕಬ್ಬಿಣದ ಕಮಾನು ಇಟ್ಟು ಬಟ್ಟೆ ಮುಚ್ಚಿದ್ದರು. “ಬೆರಳು ತುರಿಸ್ತಿದೆ ಕಣೋ. ತೆಗೆದ್ರು ಅಂದ್ರಲ್ಲ, ಅದೇ ಬೆರಳು ತುರಿಸ್ತಿದೆ. ಸ್ವಲ್ಪ ಕೆರಿ” ಎಂದಳು. ಬ್ಯಾಂಡೇಜ್ ಇದೆ, ಮುಟ್ಟಬಾರದಂತೆ ಎಂದೆ. ಮರುದಿನವೂ ಹಾಗೇ. ಹಿಮ್ಮಡಿ ಚುಚ್ಚುತ್ತದೆ ಎನ್ನುವಳು. ದಿಂಬು ಸರಿಸು ಎನ್ನುವಳು. ನಾನು ಇಲ್ಲದ ಹಿಮ್ಮಡಿಯ ಕೆಳಗೆ ಇಲ್ಲದ ದಿಂಬನ್ನು ಸರಿಸಿದಂತೆ ಮಾಡುತ್ತಿದ್ದೆ. “ಹಾಂ, ಈಗ ಸರಿಯಾಯ್ತು” ಎನ್ನುತ್ತಿದ್ದಳು. ನಾಳೆ ಹೇಳೋಣ, ಸ್ವಲ್ಪ ಶಕ್ತಿ ಬರಲಿ ಎಂದು ಅಪ್ಪನೂ ನಾನೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು.

ಕೊನೆಗೆ ಹೇಳಿದ್ದು ಪಕ್ಕದ ಮಂಚದವರನ್ನು ನೋಡಲು ಬಂದಿದ್ದ ಒಬ್ಬ ಹೆಂಗಸು. ಕಿತ್ತಳೆಹಣ್ಣು ಸುಲಿಯುತ್ತ ಕೂತಿದ್ದವರು ಅಮ್ಮನ ಕಡೆ ತಿರುಗಿ, “ಅಯ್ಯೋ, ಕಾಲೇ ತೆಗೆದ್ರಾ ನಿಮ್ದು? ಸಕ್ಕರೆ ಕಾಯಿಲೇನಾ?” ಎಂದರು. ಪಾಪ, ಅವರಿಗೇನು ಗೊತ್ತು.

ಅಮ್ಮ ಕೂಗಲಿಲ್ಲ. ಹೊದಿಕೆಯನ್ನು ತಾನೇ ಎರಡು ಕೈಯಲ್ಲಿ ಎತ್ತಿದಳು. ನೋಡಿದಳು. ಮತ್ತೆ ಅಂಚು ಸರಿಮಾಡಿ ಮುಚ್ಚಿದಳು.

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತಮ್ಮ.”

“ನಿಮ್ಮಪ್ಪಂಗೆ?”

“ಗೊತ್ತಿತ್ತು.”

“ಡಾಕ್ಟ್ರಿಗೆ, ಆ ನರ್ಸಮ್ಮಂಗೆ, ಎಲ್ರಿಗೂ ಗೊತ್ತಿತ್ತು. ನಂಗೊಬ್ಳಿಗೆ ಗೊತ್ತಿರ್ಲಿಲ್ಲ.”

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಅದು ಎಲ್ಲಿ ಈಗ?”

ಆಸ್ಪತ್ರೆಯವರೇ ನೋಡಿಕೊಂಡರು ಎಂದೆ. “ಉಗುರು ತೆಗೆದ್ರೂ ಎಲ್ಲಿ ಬಿತ್ತು ಅಂತ ನೋಡಿ ಎತ್ತಿ ಹಾಕ್ತೀವಿ. ಅರವತ್ತೆಂಟು ವರ್ಷ ನನ್ನ ಹೊತ್ಕೊಂಡು ತಿರುಗಿದ ಕಾಲು ಎಲ್ಲಿ ಹೋಯ್ತು ಅಂತ ನಿಂಗೆ ಗೊತ್ತಿಲ್ಲ” ಎಂದಳು. ಬೈಗುಳವಾಗಿರಲಿಲ್ಲ. ಬೈದಿದ್ದರೆ ನಾನು ಅವಳ ಕೈ ಹಿಡಿದುಕೊಂಡು ಅತ್ತುಬಿಡುತ್ತಿದ್ದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಪ್ಪ ಊಟ ತಂದಾಗ ಎದ್ದು ಕೂತು ತಿಂದಳು, ತಟ್ಟೆ ಇಟ್ಟಳು, ಮತ್ತೆ ಗೋಡೆಗೆ ತಿರುಗಿದಳು.

ಬಿಡುಗಡೆಯಾದ ಮೇಲೆ, ಡ್ರೆಸ್ಸಿಂಗಿಗೆ ಹತ್ತಿರವೆಂದು ರವೀಂದ್ರನಗರದ ನಮ್ಮ ಮನೆಗೆ ಕರೆತಂದೆವು. ಅಪ್ಪನೂ ಬಂದರು. ಅಮ್ಮ ನಮ್ಮೊಡನೆ ಜಗಳವಾಡುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ಆಡಲಿಲ್ಲ. ಕಾಫಿ ಬೇಕೋ ಹಾಲು ಬೇಕೋ ಎಂದು ನನ್ನ ಹೆಂಡತಿ ಕೇಳಿದರೆ, “ನಿಂಗೆ ಯಾವ್ದು ಸರಿ ಅನ್ಸುತ್ತೋ ಅದು ಕೊಡಮ್ಮ.” ಕಿಟಕಿ ತೆಗೆಯಲೇ ಎಂದರೆ, “ಹೆಂಗೆ ಬೇಕೋ ಹಂಗೆ ಮಾಡಿ.” ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಐವತ್ತು ವರ್ಷ ಮನೆಯವರನ್ನೆಲ್ಲ ಕುಣಿಸಿದ ಹೆಂಗಸು. ಬೆಳಿಗ್ಗೆ ಪತ್ರಿಕೆ ಅವಳ ಮಂಚದ ಮೇಲೆ ಇಡುತ್ತಿದ್ದೆ. ಸಂಜೆ ಕೆಲಸದಿಂದ ಬಂದಾಗ ಅದು ಮಡಿಚಿದ್ದು ಮಡಿಚಿದಂತೆಯೇ ಇರುತ್ತಿತ್ತು.

ಕಾರ್ಖಾನೆಯಲ್ಲೂ ನಾನು ಮೊದಲಿನ ಹಾಗೆ ಇರಲಿಲ್ಲ. ಒಂದು ದಿನ ಫರ್ನೇಸಿನ ಒಳಗೋಡೆ ಒಡೆಯುವ ಕೆಲಸಕ್ಕೆ ಹಾಳೆ ತುಂಬುವಾಗ, ಎದುರು ನಿಂತವನಿಗೆ ‘ನಿನಗೆ ಎಲ್ಲ ಹೇಳಿದ್ದೇನೆ ತಾನೆ’ ಎಂದು ಕೇಳಬೇಕಿತ್ತು. ದಿನಾ ಕೇಳುವ ಮಾತು. ಕೇಳದೆ ಹಾಳೆಯನ್ನೇ ತಿರುವಿ ಹಾಕುತ್ತ ನಿಂತೆ. ಹಿರಿಯ ಮೇಸ್ತ್ರಿಯೇ ಹಾಳೆ ಇಸಿದುಕೊಂಡು ಅವನಿಗೆ ಎಲ್ಲ ಬಿಡಿಸಿ ಹೇಳಿ, ಅವನಿಂದಲೇ ಸಹಿ ಹಾಕಿಸಿದರು. “ಮನೇಲಿ ಏನಾದ್ರೂ ತೊಂದ್ರೇನಾ ಸಾರ್?” ಎಂದರು. ಏನಿಲ್ಲ ಎಂದೆ. ಸುಳ್ಳು ಹೇಳುವುದು ರೂಢಿಯಾಗಿತ್ತಲ್ಲ.

ಎರಡು ತಿಂಗಳ ನಂತರ ಹೊಲಿಗೆಯ ಜಾಗ ಮತ್ತೆ ಕಪ್ಪಾಯಿತು. ಅದೇ ಆಸ್ಪತ್ರೆ. ಡಾಕ್ಟರು ಬರುವವರೆಗೆ ಗಾಲಿಕುರ್ಚಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿದ್ದೆ. ಗೋಡೆಯ ಮೇಲೆ ದೊಡ್ಡ ಬೋರ್ಡು ಇತ್ತು, ರೋಗಿಗಳ ಹಕ್ಕುಗಳು ಎಂದು. ಅಮ್ಮ ಕನ್ನಡಕ ಸರಿಮಾಡಿಕೊಂಡು ಅದನ್ನು ಮೇಲಿನಿಂದ ಓದತೊಡಗಿದಳು. ಅಷ್ಟು ದಿನದಲ್ಲಿ ಅವಳು ಓದಿದ ಮೊದಲ ಅಕ್ಷರಗಳು ಅವು. ನನಗೆ ಒಂದು ಕ್ಷಣ ಖುಷಿಯೇ ಆಯಿತು. ತನ್ನ ಕಾಯಿಲೆ ಏನೆಂದು ತಿಳಿಯುವ ಹಕ್ಕು. ಚಿಕಿತ್ಸೆಯ ಅಪಾಯಗಳನ್ನು ತಿಳಿದು ಒಪ್ಪುವ, ಬೇಡವೆನ್ನುವ ಹಕ್ಕು. ಕೊನೆಯ ಸಾಲಿನವರೆಗೂ ಓದಿದಳು.

“ಇದು ಅವತ್ತೂ ಇಲ್ಲೇ ಇತ್ತಾ?”

“ಇತ್ತಮ್ಮ.” ಅಪ್ಪ ಅವತ್ತು ಕೈಯೂರಿ ನಿಂತಿದ್ದ ಗೋಡೆ ಅದೇ.

ಈ ಸಲ ಡಾಕ್ಟರು ನಮ್ಮನ್ನು ಕೋಣೆಗೆ ಕರೆಯಲಿಲ್ಲ. ಅಮ್ಮನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ನಡೆದದ್ದು ಅವರಿಗೆ ಅಷ್ಟರಲ್ಲಿ ತಿಳಿದಿತ್ತು. “ಅಮ್ಮಾ, ಅವತ್ತು ನಾನೇ ನಿಮ್ಮ ಹತ್ರ ಕೂತು ಹೇಳ್ಬೇಕಿತ್ತು. ಬಾಗಿಲಲ್ಲಿ ಒಂದು ಮಾತು ಕೇಳಿ ಮುಗಿಸ್ದೆ. ತಪ್ಪಾಯ್ತು” ಎಂದರು. ಆಮೇಲೆ ಹಾಳೆಯ ಮೇಲೆ ಕಾಲಿನ ಚಿತ್ರ ಬರೆದು, ತೊಡೆಯ ಮಧ್ಯಭಾಗಕ್ಕೆ ಅಡ್ಡಗೆರೆ ಎಳೆದು ತೋರಿಸಿದರು. ಅಮ್ಮ ಮೂರು ಪ್ರಶ್ನೆ ಕೇಳಿದಳು. ಇಲ್ಲಿಗೆ ನಿಲ್ಲುತ್ತಾ? ತೆಗೆದರೆ ಬದುಕುತ್ತೀನಾ? ತೆಗೆಯದಿದ್ದರೆ ಎಷ್ಟು ದಿನ? ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಹೃದಯವೂ ಸೋತಿದೆ, ತೆಗೆದರೂ ಖಾತ್ರಿ ಹೇಳಲಾರೆ, ಆದರೆ ಉಳಿಯುವ ಅವಕಾಶ ಉಳಿಯದೇ ಇರುವುದಕ್ಕಿಂತ ಹೆಚ್ಚು. ತೆಗೆಯದಿದ್ದರೆ ಕೆಲವೇ ವಾರ.

“ಹಾಗಾದ್ರೆ ಬೇಡ” ಎಂದಳು ಅಮ್ಮ.

ಅಪ್ಪ “ಏನೇ ಇದು” ಎಂದು ಎದ್ದುಬಿಟ್ಟರು. ನಾನು ಮಂಚದ ಅಂಚಿಗೆ ಕೂತೆ. ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡಬೇಡ, ನಿನ್ನ ಕಾಲಿಗೆ ಬೀಳ್ತೀನಿ ಎಂದುಬಿಟ್ಟೆ. ಎಂಥ ಮಾತು ಆಡಿದೆನೆಂದು ಆಡಿದ ಮೇಲೆ ತಿಳಿಯಿತು. ಅಮ್ಮನೇ ನಕ್ಕಳು, ಒಂದು ಚೂರು. ಎರಡು ತಿಂಗಳಲ್ಲಿ ಮೊದಲ ಸಲ ನನ್ನ ತಲೆ ಮೇಲೆ ಕೈ ಇಟ್ಟಳು.

“ಸಿಟ್ಟಿಲ್ಲ ಕಣೋ. ಅವತ್ತು ಇವ್ರು ಹಿಂಗೆ ಕೂತು ಕೇಳಿದ್ರೆ ನಾನು ಬೇಡ ಅಂತಿದ್ದೆ ಅಂದ್ಕೊಂಡ್ಯಾ?”

“ಹೂಂ.”

“ಹೂಂ ಅಂತಿದ್ದೆ. ಒಂದು ಗಂಟೆ ಅತ್ತು ಹೂಂ ಅಂತಿದ್ದೆ. ನನಗೇನು ಬದುಕೋ ಆಸೆ ಇರ್ಲಿಲ್ವಾ? ಕಾಲಿಲ್ದೆ ಎಷ್ಟು ಜನ ಬದುಕ್ತಾರೆ. ನಾನೇ ಕೊಟ್ಟಿದ್ರೆ ಅದು ಕೊಟ್ಟ ಹಾಗೆ ಇರ್ತಿತ್ತು. ಈಗ ಇವ್ರು ಇಲ್ಲಿಗೆ ಅಂತ ಗೆರೆ ಹಾಕಿದಾರೆ, ಒಳ್ಳೇವ್ರು, ಸುಳ್ಳು ಹೇಳಲ್ಲ ಅಂತ ಗೊತ್ತು. ಆದ್ರೂ ಆ ಬಾಗಿಲೊಳಗೆ ಮತ್ತೆ ಮಲಗಿ ಹೋಗೋಕೆ ನನ್ನ ಕೈಲಿ ಆಗಲ್ಲ. ಎದ್ದಾಗ ಏನಿರುತ್ತೋ ಏನಿರಲ್ವೋ ಅನ್ನೋ ಹೆದ್ರಿಕೆ ಹೋಗಲ್ಲ ಕಣೋ ನಂಗೆ.”

ಒಂದು ದಿನ ಯೋಚನೆ ಮಾಡಿ ಎಂದು ಡಾಕ್ಟರು ಹೇಳಿ ಹೋದರು. ಆ ಒಂದು ದಿನ ನಾನೂ ಅಪ್ಪನೂ ಸರದಿಯಲ್ಲಿ ಬೇಡಿಕೊಂಡೆವು. ಒಂದು ಹೊತ್ತಿನಲ್ಲಿ ನನಗೆ ಬಂದ ಯೋಚನೆಯನ್ನೂ ಹೇಳುತ್ತೇನೆ. ಅವಳಿಗೆ ಮತ್ತೆ ಜ್ವರ ಏರಿ ಎಚ್ಚರ ತಪ್ಪಿದರೆ ನಾನೇ ಸಹಿ ಹಾಕಬಹುದಲ್ಲ ಎಂದು ಕಾದೆ. ಅಷ್ಟಾದ ಮೇಲೂ ಅದೇ ಬುದ್ಧಿ. ಎಚ್ಚರ ತಪ್ಪಲಿಲ್ಲ. ಮರುದಿನ ಡಾಕ್ಟರು ಬಂದಾಗ ಅಮ್ಮ ಅದನ್ನೇ ಹೇಳಿದಳು. ಶಸ್ತ್ರಚಿಕಿತ್ಸೆ ಬೇಡವೆನ್ನುವ ಪತ್ರವನ್ನು ತಂದುಕೊಟ್ಟರು. ಎರಡೂ ಪುಟ ಓದಿ, ತಾನೇ ಪೆನ್ನು ಕೇಳಿ ಪಡೆದು, ಗೆರೆಯ ಮೇಲೆ ನೇರವಾಗಿ ಹೆಸರು ಬರೆದಳು.

ಮೊದಲನೆಯ ಸಲ ಅವಳು ಸಾಯಬಾರದೆಂದು ಸುಳ್ಳು ಹೇಳಿದೆ. ಆಗ ನಿಜ ಹೇಳಿದ್ದರೂ ಅವಳು ಒಪ್ಪುತ್ತಿದ್ದಳು. ಈಗ ಎಲ್ಲರೂ ನಿಜ ಹೇಳಿದರು, ಅವಳು ಒಪ್ಪಲಿಲ್ಲ. ಆ ಸುಳ್ಳಿಲ್ಲದಿದ್ದರೆ ಇವತ್ತು ಒಪ್ಪುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ಇದನ್ನು ಯಾರ ಹತ್ತಿರ ಹೋಗಿ ಕೇಳಲಿ? ಅವಳು ಬೇಡವೆಂದದ್ದು ಅವಳ ಹಕ್ಕು, ಆ ಬೋರ್ಡಿನಲ್ಲೇ ಬರೆದಿತ್ತು. ಆ ಹಕ್ಕನ್ನು ನಾನು ಕೈಮುಗಿದು ಒಪ್ಪಿಕೊಂಡೆ ಎಂದರೆ ಮತ್ತೊಂದು ಸುಳ್ಳಾಗುತ್ತದೆ. ಎದೆ ಒಡೆದುಕೊಂಡು ಒಪ್ಪಿಕೊಂಡೆ.

ಭದ್ರಾವತಿಯ ಮನೆಗೇ ಹೋಗಬೇಕೆಂದಳು. ರಜೆ ಹಾಕಿ ನಾನೂ ನನ್ನ ಹೆಂಡತಿಯೂ ಅಲ್ಲೇ ಉಳಿದೆವು. ಮಾತ್ರೆ ಕೊಡುವಾಗಲೆಲ್ಲ ಅಂಗೈಯಲ್ಲಿ ಇಟ್ಟುಕೊಂಡು ಕೇಳುತ್ತಿದ್ದಳು, “ಇದು ಯಾತಕ್ಕೆ?” ನೋವಿಗೆ ಅಮ್ಮ. “ಇದು?” ನಿದ್ದೆಗೆ. “ಇದು ತಗೊಂಡ್ರೆ ಗಾಯ ಮಾಯುತ್ತಾ?” ಇಲ್ಲಮ್ಮ, ನಂಜು ಸ್ವಲ್ಪ ನಿಧಾನ ಆಗುತ್ತೆ ಅಷ್ಟೆ. ಆಗ ನುಂಗುತ್ತಿದ್ದಳು. ಒಂದನ್ನು ಬೇಡವೆಂದು ವಾಪಸು ಕೊಟ್ಟಳು, ಅದು ತಗೊಂಡರೆ ತಲೆ ಮಂಕಾಗುತ್ತದೆ ಎಂದು. ನಾನು ಒತ್ತಾಯ ಮಾಡಲಿಲ್ಲ. ಹೀಗೆ ದಿನಕ್ಕೆ ಮೂರು ಹೊತ್ತು ನಿಜ ಹೇಳುತ್ತ ಹೇಳುತ್ತ, ನಮ್ಮಿಬ್ಬರ ನಡುವೆ ಮಾತು ಮತ್ತೆ ಶುರುವಾಯಿತು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಒಂದು ಮಧ್ಯಾಹ್ನ ನನ್ನ ಹೆಂಡತಿಗೆ ಹೇಳಿದಳು. ಅವಳು ಅಡುಗೆಮನೆಗೆ ಹೋಗಿ ಅತ್ತಳು.

ಹದಿನೇಳನೆಯ ದಿನ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ ಸ್ಥಿತಿ ವಿವರಿಸಿದೆ. ಮೂತ್ರ ನಿಂತಿತ್ತು, ಉಸಿರು ಬದಲಾಗಿತ್ತು. ಅವರು ಹೇಳಿದ್ದನ್ನು ಕೇಳಿಕೊಂಡು ಒಳಗೆ ಬಂದೆ. ಅಮ್ಮ ಕಣ್ಣು ಬಿಟ್ಟೇ ಇದ್ದಳು. ಅಪ್ಪ ಹಿತ್ತಲಿನಲ್ಲಿ ಅವಳ ಬಟ್ಟೆ ಒಗೆಯುತ್ತಿದ್ದರು. ಬಕೆಟ್ಟಿನ ಸದ್ದು ಕೇಳಿಸುತ್ತಿತ್ತು.

“ಏನಂದ್ರು?” ಎಂದಳು.

ನನ್ನ ಬಾಯಿ ತಾನಾಗಿಯೇ ‘ಏನಿಲ್ಲ’ ಎನ್ನಲು ಹೊರಟಿತು. ಅದನ್ನು ತಡೆಯುವುದು ನನ್ನ ಜೀವನದ ಅತಿ ಕಷ್ಟದ ಕೆಲಸವಾಗಿತ್ತು. ಅವಳ ಕೈ ಹಿಡಿದುಕೊಂಡು ಹೇಳಿದೆ.

“ಇವತ್ತು, ಇಲ್ಲ ನಾಳೆ ಅಂದ್ರಮ್ಮ.”

ಅಮ್ಮ ನನ್ನ ಕೈಯನ್ನು ಒಮ್ಮೆ ಒತ್ತಿದಳು.

“ಸರಿ. ನಿಮ್ಮಪ್ಪನ್ನ ಕರಿ. ನಾನೇ ಹೇಳ್ತೀನಿ” ಎಂದಳು. “ನೀನು ಹೇಳೋಕೆ ಹೋಗ್ಬೇಡ. ಅವ್ರ ಮುಖ ನೋಡಿದ್ರೆ ನೀನು ಮತ್ತೆ ಸುಳ್ಳು ಹೇಳ್ತೀಯ.”

ಹಿತ್ತಲಿಗೆ ಹೋಗಿ, ಅಮ್ಮ ಕರೀತಿದಾಳೆ ಎಂದೆ. ಅಪ್ಪ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ, “ಯಾಕಂತೆ?” ಎಂದು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿ ದಾರಿ ಬಿಟ್ಟೆ.